ನಾಲೆಗೆ ಬಾ

ಆ ಊರಿಗೆ ಹೆಸರಿಲ್ಲ. ಹೆಸರಿಟ್ಟರೆ ನದಿಗೆ ಕೇಳಿಸೀತು ಎಂಬ ಭಯಕ್ಕೆ ಹಿಂದಿನವರು ಇಟ್ಟಿರಲಿಲ್ಲ. ಆದರೂ ನದಿ ದಿನಾ ಬರುತ್ತಿತ್ತು. ನೆರಳು ಕಾಲಡಿಗೆ ಸೇರುವ ಹೊತ್ತಿಗೆ, ಸರಿಯಾಗಿ ನಡುಮಧ್ಯಾಹ್ನಕ್ಕೆ, ತನ್ನ ಪಾತ್ರ ಬಿಟ್ಟು ಎದ್ದು, ಮರಳು ದಾಟಿ, ಊರಬಾಗಿಲ ಹೊಸ್ತಿಲುಗಲ್ಲಿನ ಕೆಳಗೆ ನಿಂತು ಕೇಳುತ್ತಿತ್ತು: "ಬರಲೇ?"

ಮೂರು ಸಲ ಕೇಳುತ್ತಿತ್ತು. ಮೂರನೆಯದು ಮುಗಿಯುವುದರೊಳಗೆ ಕಲ್ಲಿನ ಮೇಲೆ ನಿಂತವರು ಉತ್ತರ ಕೊಡಬೇಕು. ಕೈಸನ್ನೆ ನಡೆಯದು. ಡೋಲು ನಡೆಯದು. ಬರೆದು ತೋರಿಸೋಣವೆಂದರೆ ನದಿಗೆ ಓದಲು ಬಾರದು. ಬಾಯಿಂದ ಬಂದ ಮಾತೇ ಆಗಬೇಕು. ಕಲ್ಲಿನ ಮೇಲಿನ ಬಾಯಿಂದ ಏನು ಬಂತೋ ಅದನ್ನೇ ನದಿ ಮಾಡುತ್ತಿತ್ತು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಉತ್ತರವೇ ಬರದಿದ್ದರೆ ಒಳಗೆ ನುಗ್ಗುತ್ತಿತ್ತು. ಇದು ಆ ಊರಿನ ಕಟ್ಟಳೆ.

ಊರಿನ ಉತ್ತರ ತಲೆತಲಾಂತರದಿಂದ ಒಂದೇ: "ನಾಳೆಗೆ ಬಾ."

ನದಿ ಮರ್ಯಾದಸ್ಥ ನದಿ ನೋಡಿ, ಸರಿ ಅಂತ ಹಿಂದಕ್ಕೆ ಹೋಗುತ್ತಿತ್ತು. ಮಾರನೆಯ ದಿನ ಮತ್ತೆ ಬರುತ್ತಿತ್ತು. ಮಾರನೆಯ ದಿನಕ್ಕೂ ಒಂದು ನಾಳೆ ಇದ್ದೇ ಇರುತ್ತದಲ್ಲ! ಹೀಗೆ ನೀರನ್ನು ಬಾಗಿಲಲ್ಲೇ ನಿಲ್ಲಿಸಿ ನಿಲ್ಲಿಸಿ, ಬಾವಿಯ ಸವಳು ನೀರು ಕುಡಿದುಕೊಂಡು ಊರು ಬದುಕಿತ್ತು. ಯಾಕೆ ಒಳಗೆ ಬಿಡಬಾರದು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಬಿಟ್ಟರೆ ಏನಾಗುತ್ತದೋ ಏನೋ, ಅಷ್ಟೇ ಕಾರಣ.

ಯಾವ ಕಾಲದಲ್ಲೋ ಧೈರ್ಯಸ್ಥರು ಕೆಲವರು ಇದ್ದಿರಬೇಕು. ಅವರು ಊರಬಾಗಿಲ ಪಕ್ಕದಿಂದ ತೆಂಕಲ ಬಯಲಿನವರೆಗೆ ಒಂದು ನಾಲೆ ತೋಡಿಸಿದ್ದರು. ನಾಲೆ ಮುಗಿದು ಬಯಲು ಶುರುವಾಗುವಲ್ಲಿ ಹೊಸ್ತಿಲುಗಲ್ಲಿನ ಜೋಡಿಯಂಥದೇ ಇನ್ನೊಂದು ಕಲ್ಲನ್ನೂ ಹಾಕಿಸಿದ್ದರು. ನೀರು ಅಲ್ಲಿಗೆ ಬಂದು ಕೇಳಿದಾಗ ಉತ್ತರ ಹೇಳುವವರು ಅದರ ಮೇಲೆ ನಿಲ್ಲಲಿ ಅಂತ. ಅದಕ್ಕೆ ತುದಿಗಲ್ಲು ಎಂದು ಹೆಸರು. ನೀರು ಬರಲೂ ಇಲ್ಲ, ಯಾರೂ ನಿಲ್ಲಲೂ ಇಲ್ಲ. ಒಣಗಿದ ನಾಲೆಯಲ್ಲಿ ಹೆಂಗಸರು ಹಪ್ಪಳ ಸಂಡಿಗೆ ಹರವಿದರು, ನೇಕಾರರು ನೂಲಿಗೆ ಗಂಜಿ ಹಾಕಿ ಒಣಗಿಸಿದರು, ಊರ ಯಜಮಾನರ ಮನೆಯ ಸೌದೆಯೂ ಅಲ್ಲೇ ಒಟ್ಟಿತ್ತು. ತುದಿಗಲ್ಲಿನ ಸುತ್ತ ಜಾಲಿ ಬೆಳೆದಿತ್ತು.

ಕಲ್ಲಿನ ಮೇಲೆ ನಿಲ್ಲುವ ಕೆಲಸ ಒಬ್ಬ ಹೆಂಗಸಿನದು. ಅವಳನ್ನು ಎಲ್ಲರೂ ಹೊಸ್ತಿಲವಳು ಅನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಒಂದು ಮಧ್ಯಾಹ್ನ ತಪ್ಪಿಸಿದವಳಲ್ಲ. ಬೆಳಿಗ್ಗೆ ತಲೆಗೆ ಎಣ್ಣೆ, ಮೈಗೆ ಕೆಂಪಂಚಿನ ಬಿಳಿ ಸೀರೆ, ಕಲ್ಲಿಗೆ ಒಂದು ಚೊಂಬು ನೀರು, ಆಮೇಲೆ ಕಾಯುವುದು. ಅವಳ ಧ್ವನಿ ಅಂಥಾ ಇಂಪಿನದೇನಲ್ಲ. ಆದರೆ ಅವಳ ‘ಳ’ ಇತ್ತಲ್ಲ, ಅದನ್ನು ಕೇಳಬೇಕಿತ್ತು. ನಾಲಗೆಯ ತುದಿ ಹಿಂದಕ್ಕೆ ಮಡಚಿ, ಅಂಗುಳಕ್ಕೆ ತಾಗಿಸಿ, ತಟ್ಟನೆ ಬಿಟ್ಟರೆ ಆ ಒಂದಕ್ಷರಕ್ಕೇ ನದಿ ಹಿಂದೆ ಸರಿಯುತ್ತಿತ್ತು. ಮಾತು ತಡವಾದ ಮಕ್ಕಳನ್ನು ತಾಯಂದಿರು ಅವಳ ಬಾಯಿ ನೋಡಲು ಕರೆತರುತ್ತಿದ್ದರು. ಅವಳಿಗೆ ಅದರ ಮೇಲೆ ಒಂಚೂರು ಜಂಬವೂ ಇತ್ತು. ಇದ್ದರೇನು ತಪ್ಪು?

ಒಂದು ವರ್ಷ ಅವಳ ನಾಲಗೆಯ ಅಡಿಯಲ್ಲಿ ಹುಣ್ಣಾಯಿತು. ಅಕ್ಕಿಕಾಳಿನಷ್ಟು. ಜೇನುತುಪ್ಪ ಹಚ್ಚಿದಳು, ಹೋಗಲಿಲ್ಲ. "ನಾಳೆ ನೋಡೋಣ" ಅಂದಳು. ಆ ಊರಲ್ಲಿ ಎಲ್ಲರೂ ಎಲ್ಲದಕ್ಕೂ ಅನ್ನುವುದೇ ಅದು. ಅಕ್ಕಿಕಾಳು ಅವರೆಕಾಳಾಯಿತು. ನಾಳೆ ಬಾ ಅಂದರೆ ಹಿಂದಕ್ಕೆ ಹೋಗಲು ಹುಣ್ಣೇನು ನದಿಯೇ?

ಅವಳ ತಂಗಿ ಗಾಡಿ ಕಟ್ಟಿಸಿ ಏಳು ದಿನದ ದಾರಿಯಾಚೆ ಇದ್ದ ವೈದ್ಯೆಯ ಬಳಿಗೆ ಕರೆದೊಯ್ದಳು. ಅಕ್ಕ ತಂಗಿ ಇಬ್ಬರೇ, ಬೇರೆ ಯಾರೂ ಇಲ್ಲ. ವೈದ್ಯೆ ಬಾಯಿ ತೆರೆಸಿ ನೋಡಿ, "ನಾಲಗೆ ಬೇಕೋ, ಜೀವ ಬೇಕೋ?" ಅಂದಳು. "ನಂಗೆ ನಮ್ಮಕ್ಕ ಬೇಕು" ಅಂತ ತಂಗಿಯೇ ಹೇಳಿಬಿಟ್ಟಳು. ವೈದ್ಯೆ ಅರ್ಧ ನಾಲಗೆ ಕೊಯ್ದು, ಎಡತೋಳಿನ ಮಾಂಸ ತೆಗೆದು ಆ ಜಾಗಕ್ಕೆ ಹೊಲಿದಳು. ಮೂವತ್ತು ದಿನ ಕಣ್ಣಿಗೆ ಕಾಣದ ಬೆಂಕಿಯ ಮುಂದೆ ಕೂರಿಸಿದಳು. ಬೆಂಕಿ ಹುಣ್ಣಿನ ಬೇರನ್ನು ಸುಟ್ಟಿತು, ಜೊತೆಗೆ ಬಾಯಿಯ ಪಸೆಯನ್ನೂ ರುಚಿಯನ್ನೂ ಸುಟ್ಟಿತು.

"ತೋಳಿನ ಮಾಂಸಕ್ಕೆ ಎತ್ತೋದು ಇಳಿಸೋದು ಗೊತ್ತು, ಅಕ್ಷರ ಗೊತ್ತಿಲ್ಲ. ನೀನೇ ಕಲಿಸ್ಕೋಬೇಕು" ಎಂದು ವೈದ್ಯೆ ಬೀಳ್ಕೊಟ್ಟಳು.

ಎಂಟು ತಿಂಗಳಾದ ಮೇಲೆ ಹೊಸ್ತಿಲವಳು ಊರಿಗೆ ಬಂದಳು. ಕೈಯಲ್ಲಿ ಒಂದು ಪುಟ್ಟ ತಂಬಿಗೆ. ಇಪ್ಪತ್ತೆರಡು ವರ್ಷ ನೀರನ್ನು ಬಾಗಿಲಿಂದ ಕಳಿಸಿದವಳು ಈಗ ಹತ್ತು ಹೆಜ್ಜೆಗೊಮ್ಮೆ ಒಂದು ಗುಟುಕು ನೀರು ಕುಡಿಯಬೇಕಿತ್ತು, ಇಲ್ಲದಿದ್ದರೆ ಬಾಯಿ ಅಂಟಿಕೊಳ್ಳುತ್ತಿತ್ತು.

ಜನ ಕೆಟ್ಟವರಲ್ಲ. ಬಂದರು, ಕೈ ಹಿಡಿದುಕೊಂಡರು, ಅತ್ತರು. ಆದರೆ ಅವಳಿಗೆ ಕಿವುಡೇನೋ ಎಂಬಂತೆ ಕಿರುಚಿ ಮಾತಾಡಿದರು. "ಹ್ಯಾಗಿದೀಯಮ್ಮಾ? ಗಂಜಿ ಕುಡಿದ್ಯಾ?" ನನ್ನ ಕಿವಿ ನೆಟ್ಟಗಿದೆ ಎಂದು ಅವಳು ಹೇಳಿದರೆ, ಅವರು ಅರ್ಥವಾಗದೆಯೇ "ಹೌದೌದು, ಹೌದೌದು" ಅಂದರು. ಆ ಹೌದೌದು ಕೇಳಿ ಕೇಳಿ ಅವಳಿಗೆ ಸಾಕಾಯಿತು. ಏನು ಅಂದೆ, ತಿಳೀಲಿಲ್ಲ, ಇನ್ನೊಂದು ಸಲ ಹೇಳು ಅಂತ ಒಬ್ಬರಾದರೂ ಕೇಳಬಾರದೇ? ಒಬ್ಬರೂ ಕೇಳಲಿಲ್ಲ. ಕೇಳಿದರೆ ಅವಳಿಗೆ ನೋವಾದೀತು ಅಂತ ಅವರ ಲೆಕ್ಕ.

ಅಂಗಡಿಯಲ್ಲಿ ಬೆಳ್ಳುಳ್ಳಿ ಕೇಳಿದಳು. ‘ಳ’ ಹೊರಡಲಿಲ್ಲ. ಅಂಗಡಿಯವಳು ಹೌದೌದು ಅಂತ ಬೆಲ್ಲ ಕಟ್ಟಿಕೊಟ್ಟಳು. ಅಲ್ಲ ಅನ್ನಲು ಇನ್ನೊಮ್ಮೆ ಬಾಯಿ ತೆರೆಯಬೇಕಲ್ಲ ಅಂತ ಹೊಸ್ತಿಲವಳು ಬೆಲ್ಲವನ್ನೇ ಹಿಡಿದುಕೊಂಡು ಮನೆಗೆ ಬಂದಳು. ‘ಹೇಳು’ ಅಂದರಂತೂ ಮಾನವೇ ಹೋಗುತ್ತಿತ್ತು, ಯಾಕೆಂದು ಬಿಡಿಸಿ ಹೇಳುವುದು ಬೇಡ. ಅದೊಂದು ಮಾತನ್ನು ಅವಳು ಬಿಟ್ಟೇಬಿಟ್ಟಳು.

ಊರಲ್ಲಿ ಅವಳ ಮಾತು ಅರ್ಥವಾಗುತ್ತಿದ್ದುದು ತಂಗಿಗೊಬ್ಬಳಿಗೇ. ಎಂಟು ತಿಂಗಳು ಆ ಬಾಯಿಗೆ ಗಂಜಿ ಉಣಿಸಿದವಳು, ತುಟಿ ಅಲುಗಿದರೆ ಸಾಕು, ಮಾತು ಗೊತ್ತಾಗುತ್ತಿತ್ತು. ಯಾರಾದರೂ ಅಕ್ಕನನ್ನು ಏನಾದರೂ ಕೇಳಿದರೆ ಅಕ್ಕ ಬಾಯಿ ತೆರೆಯುವ ಮೊದಲೇ ತಂಗಿ ಉತ್ತರ ಕೊಡುತ್ತಿದ್ದಳು. "ಅಕ್ಕಂಗೆ ಸೆಕೆ ಆಗ್ತಿದೆಯಂತೆ." "ಅಕ್ಕಂಗೆ ಈಗ ಬೇಡವಂತೆ." ಬರಬರುತ್ತಾ ಜನ ಅಕ್ಕನ ಕಡೆ ನೋಡುವುದನ್ನೇ ಬಿಟ್ಟು ತಂಗಿಯನ್ನೇ ಕೇಳತೊಡಗಿದರು.

ಹೊಸ್ತಿಲವಳು ದಿನಾ ಬೆಳಗಾಗುತ್ತಲೇ ಒಣ ನಾಲೆಯ ಗುಂಟ ನಡೆದು ತುದಿಗೆ ಹೋಗುತ್ತಿದ್ದಳು. ಜಾಲಿಯ ನಡುವೆ ಆ ಹಳೆಯ ಕಲ್ಲಿನ ಮೇಲೆ ಕೂತು, ಯಾರೂ ಇಲ್ಲದಲ್ಲಿ, ತೋಳಿನ ಮಾಂಸಕ್ಕೆ ಅಕ್ಷರ ಕಲಿಸುತ್ತಿದ್ದಳು. ಒಂದು ಗುಟುಕು ನೀರು, ಒಂದು ‘ಳ’. ಒಂದು ಗುಟುಕು ನೀರು, ಒಂದು ‘ಳ’. ತಂಬಿಗೆ ಖಾಲಿಯಾಗುವವರೆಗೆ. ಎರಡು ತಿಂಗಳಾದ ಮೇಲೆ ಒಂದು ದಿನ ಅವಳಿಗೆ ಬಂದಂತೆ ಕೇಳಿಸಿತು. ನಿಜವಾಗಿ ಬಂದಿರಲಿಲ್ಲ. ನಮ್ಮ ಕಿವಿಗೆ ನಾವು ಹೇಳಬೇಕೆಂದುಕೊಂಡದ್ದೇ ಕೇಳಿಸುತ್ತದೆ. ಅವಳು ಕುಣಿಯುವಷ್ಟು ಸಂತೋಷದಿಂದ ಮನೆಗೆ ಬಂದು, ಪೆಟ್ಟಿಗೆಯಿಂದ ಕೆಂಪಂಚಿನ ಸೀರೆ ತೆಗೆದಳು.

ತಂಗಿಯ ಮುಖ ಇಳಿಯಿತು. "ಏನವಸರ ಅಕ್ಕ? ಇನ್ನೊಂದಷ್ಟು ದಿನ ಹೋಗಲಿ."

ಹೊಸ್ತಿಲವಳು ಒಲ್ಲೆ ಎಂಬಂತೆ ತಲೆಯಾಡಿಸಿದಳು. ಆ ಕಲ್ಲಿನ ಮೇಲೆ ನಿಂತರೆ ಅವಳು ಹೊಸ್ತಿಲವಳು. ನಿಲ್ಲದಿದ್ದರೆ ಬಾಯಿ ಒಣಗಿದ ಒಬ್ಬ ಹೆಂಗಸು, ತಂಗಿಯ ಅಕ್ಕ. ಅವಳಿಗೆ ಬೇಕಾಗಿದ್ದುದು ಅದೊಂದೇ, ಆ ಕಲ್ಲು.

ಹತ್ತು ತಿಂಗಳಿಂದ ಕಲ್ಲಿನ ಮೇಲೆ ನಿಲ್ಲುತ್ತಿದ್ದವನು ಒಬ್ಬ ಬದಲಿಯವನು. ಒಳ್ಳೆಯ ಕಂಠದ, ಒಳ್ಳೆಯ ಮನಸ್ಸಿನ ಗಂಡಸು. ಅವಳು ಬಂದದ್ದನ್ನು ನೋಡಿ ತಟ್ಟನೆ ಕೆಳಗಿಳಿದ. "ನಿಮ್ಮ ಜಾಗ ಅಕ್ಕ, ನಿಂತ್ಕೊಳ್ಳಿ. ನಾನು ಇಲ್ಲೇ ಪಕ್ಕದಲ್ಲಿರ್ತೀನಿ" ಅಂದ. ಯಜಮಾನರು ಬಂದಿದ್ದರು. ಊರೇ ಬಂದಿತ್ತು. ಹಿಂದುಗಡೆ ತಂಗಿ ಕೈ ಹಿಸುಕಿಕೊಳ್ಳುತ್ತಾ ನಿಂತಿದ್ದಳು.

ನೆರಳು ಕಾಲಡಿಗೆ ಸೇರಿತು. ನದಿ ಬಂತು.

"ಬರಲೇ?"

ಹೊಸ್ತಿಲವಳು ಒಂದು ಗುಟುಕು ನೀರು ಕುಡಿದು, ತಲೆಯೆತ್ತಿ, ತನಗೆ ಬಂದಷ್ಟೂ ಗಟ್ಟಿಯಾಗಿ ಹೇಳಿದಳು.

"ನಾಲೆಗೆ ಬಾ."

ನದಿ ಹಿಂದಕ್ಕೆ ಹೋಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಕೇಳದಿದ್ದುದನ್ನು ಕೇಳಿತು: "ಏನಂದೆ?"

ಅವಳ ಎದೆ ಧಸಕ್ಕೆಂದಿತು. ಆದರೆ, ನಂಬಿದರೆ ನಂಬಿ, ಒಳಗೊಳಗೆ ಒಂಥರಾ ತಂಪೂ ಆಯಿತು. ಊರಿಗೆ ಬಂದ ಮೇಲೆ ಏನಂದೆ ಎಂದು ಅವಳನ್ನು ಕೇಳಿದ್ದು ಇದೊಂದೇ. ಅವಳು ಮತ್ತೆ, ನಿಧಾನವಾಗಿ, ಒಂದೊಂದೇ ಅಕ್ಷರ ಹಿಡಿದು ಹೇಳಿದಳು. "ನಾ - ಲೆ - ಗೆ ಬಾ."

"ನಾಲೆಗೋ? ಸರಿ" ಅಂತು ನದಿ. ಯಾವ ಕಾಲದಿಂದಲೋ ಬರೀ ದಿನ ಹೇಳುತ್ತಿದ್ದರು, ಇವತ್ತು ಒಂದು ಜಾಗ ಹೇಳಿದರಲ್ಲ ಎಂದು ಖುಷಿಯಿಂದ ಪಕ್ಕಕ್ಕೆ ಹೊರಳಿ ನಾಲೆಯೊಳಕ್ಕೆ ಇಳಿಯಿತು.

ಅಯ್ಯಯ್ಯೋ, ಆಮೇಲಿನ ಗಲಾಟೆ ಏನು ಹೇಳುವುದು! ಹಪ್ಪಳಗಳೆಲ್ಲ ನೀರಲ್ಲಿ ತೇಲಿ ಹೋದವು. ಸಂಡಿಗೆ ಕರಗಿ ಗಂಜಿಯಾಯಿತು. ನೂಲು ಸುತ್ತಿಕೊಂಡು ನೇಕಾರನೊಬ್ಬ ಎಡವಿ ಬಿದ್ದ. ಯಜಮಾನರ ಸೌದೆ ಸಾಲಾಗಿ ತೆಂಕಲಿಗೆ ಮೆರವಣಿಗೆ ಹೊರಟಿತು. ಯಾರೂ ಸಾಯಲಿಲ್ಲ, ಯಾವ ಮನೆಯೂ ಬೀಳಲಿಲ್ಲ. ಒಣ ನಾಲೆ ಹೀರಿಕೊಂಡು ನೀರು ತುದಿಗಲ್ಲಿನವರೆಗೆ ಹೋಗಲೇ ಇಲ್ಲ, ಸಂಜೆಗೆ ತಾನಾಗಿಯೇ ಹಿಂದಕ್ಕೆ ಹೋಯಿತು. ಆದರೆ ಊರು ನಡುಗಿಹೋಗಿತ್ತು. ಹೊಸ್ತಿಲವಳು ಕಲ್ಲಿನ ಮೇಲೆ ನಿಂತೇ ಇದ್ದಳು. ತನ್ನ ಬಾಯಿಂದ ಬಂದದ್ದು ಏನು ಅಂತ ಅವಳಿಗೆ ನೀರು ತಿರುಗಿದ ಮೇಲೆಯೇ ಗೊತ್ತಾದದ್ದು.

ಮರುದಿನ ಬೆಳಿಗ್ಗೆ ಚಾವಡಿಯಲ್ಲಿ ಸೇರಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳಿಗೂ ಬೈಯಲು ಬರುತ್ತಿತ್ತು.

"ತಾಯೀ, ನಿನ್ನ ಮೇಲೆ ನಮಗೆ ಸಿಟ್ಟಿಲ್ಲ" ಎಂದು ಯಜಮಾನರು ಕಿರುಚಿ ಹೇಳಿದರು. "ಸಾವಿನ ಬಾಯಿಂದ ಬಂದಿದೀಯ. ಇನ್ನು ಸುಮ್ಮನಿರಮ್ಮ. ಆದರೂ ನಿನ್ನ ಮಾತು ಕೇಳದೆ ನಾವು ಏನೂ ಮಾಡೋದಿಲ್ಲ. ನೀನೇ ಹೇಳು. ಕಲ್ಲು ಬಿಟ್ಟುಕೊಡ್ತೀಯಾ?"

ಹೊಸ್ತಿಲವಳು ಎದ್ದು ನಿಂತಳು. ಬಿಡೋದಿಲ್ಲ ಅನ್ನಬೇಕಿತ್ತು ಅವಳಿಗೆ. ‘ಡ’ಕ್ಕೂ ನಾಲಗೆ ಮಡಚಬೇಕು. "ಬಿದೋದಿಲ್ಲ" ಅಂದಳು. ಯಾರಿಗೂ ತಿಳಿಯಲಿಲ್ಲ. ಎಲ್ಲರೂ ಹೌದೌದು ಎಂದು ತಲೆಯಾಡಿಸಿದರು. ಅವಳು ಮತ್ತೆ ಹೇಳಿದಳು. ಕುಡಿದ ಗುಟುಕು ಗಲ್ಲದ ಮೇಲೆ ಇಳಿಯಿತು, ಸೆರಗಿನಿಂದ ಒರೆಸಿಕೊಂಡು ಮೂರನೆಯ ಸಲವೂ ಹೇಳಿದಳು.

ಯಜಮಾನರು ತಂಗಿಯ ಕಡೆ ತಿರುಗಿದರು. "ಏನಂತಾಳೆ?"

ತಂಗಿ ಅಕ್ಕನ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

"ಬೇಡವಂತೆ. ಇನ್ನು ಆಗೋದಿಲ್ಲ ಅಂತಾಳೆ."

ತಂಗಿಗೆ ತಪ್ಪು ಕೇಳಿಸಿತ್ತೇ? ಇಲ್ಲ. ಚೆನ್ನಾಗಿ ಕೇಳಿಸಿತ್ತು. ಊರಿಗೆಲ್ಲ ಕೇಳಿಸದಿದ್ದರೂ ಅವಳಿಗೆ ಕೇಳಿಸಿತ್ತು. ಹೊಸ್ತಿಲವಳು ಅವಳನ್ನೇ ನೋಡುತ್ತಾ ನಿಂತಳು. ತಂಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು.

ಮನೆಗೆ ಬಂದ ಮೇಲೆ ತಂಗಿ ಅತ್ತಳು. "ಆ ನೀರು ನಾಲೆ ಕಡೆ ಹೊರಳದೆ ನಿನ್ನ ಕಡೆಗೇ ಹೊರಳಿದ್ರೆ ಏನು ಗತಿ? ನಂಗೆ ನೀನು ಬೇಕು ಅಕ್ಕ. ಏಳು ದಿನದ ದಾರಿ ನಿನ್ನನ್ನ ಮಡಿಲಲ್ಲಿ ಮಲಗಿಸ್ಕೊಂಡು ಬಂದಿದೀನಿ. ಮಾತು ಹೋದ್ರೆ ಹೋಗ್ಲಿ. ಹೇಳೋದಕ್ಕೆ ನಾನಿಲ್ವಾ?"

ಹೊಸ್ತಿಲವಳು ಗೋಡೆಯ ಕಡೆ ತಿರುಗಿ ಕೂತಳು. ಲೋಕದಲ್ಲಿ ತನ್ನ ಮಾತು ತಿಳಿಯುತ್ತಿದ್ದವಳು ಇವಳೊಬ್ಬಳೇ, ಇವಳೇ ಹೀಗೆ ಮಾಡಿದ ಮೇಲೆ ಇನ್ನು ಯಾರಿಗೆ ಹೇಳುವುದು ಎಂದು ಅವಳಿಗೆ ದುಃಖ ಉಕ್ಕಿ ಬಂತು. ಅವತ್ತಿನಿಂದ ಅವಳು ತಂಗಿಯ ಜೊತೆಗೂ ಮಾತು ಬಿಟ್ಟಳು. ಸುಸ್ತಿರಬೇಕು ಅಂದುಕೊಂಡು ತಂಗಿ ಗಂಜಿಗೆ ಒಂದು ಚಮಚ ತುಪ್ಪ ಹೆಚ್ಚು ಹಾಕಿದಳು. ಅಕ್ಕನಿಗೆ ರುಚಿ ಗೊತ್ತಾಗುವುದಿಲ್ಲ ಎಂಬುದು ಆ ಗಳಿಗೆಗೆ ಅವಳಿಗೆ ಮರೆತುಹೋಗಿತ್ತು.

ಬದಲಿಯವನು ಮತ್ತೆ ಕಲ್ಲು ಹತ್ತಿದ. "ನಾಳೆಗೆ ಬಾ" ಅಂದ. ನದಿ ಹೋಯಿತು. ಎಲ್ಲ ಮೊದಲಿನಂತಾಯಿತು, ಒಂದನ್ನು ಬಿಟ್ಟು. ನಾಲೆಯ ಪಕ್ಕದ ಬಾವಿಯಲ್ಲಿ ನೀರು ಎರಡು ಮೊಳ ಮೇಲೆ ಬಂದಿತ್ತು. ಒಬ್ಬ ಹೆಂಗಸು ಕುಡಿದು ನೋಡಿ ಇನ್ನೊಬ್ಬಳನ್ನು ಕರೆದಳು. ಇನ್ನೊಬ್ಬಳು ಊರನ್ನೇ ಕರೆದಳು. ಸವಳು ಹೋಗಿ ನೀರು ಸಿಹಿಯಾಗಿತ್ತು. ಹುಟ್ಟಿದಾಗಿನಿಂದ ಸಿಹಿನೀರು ಕುಡಿಯದವರು ಬೊಗಸೆ ಬೊಗಸೆ ಕುಡಿದರು. ಹಪ್ಪಳ ಕಳೆದುಕೊಂಡವಳೂ ಬಂದು ಕುಡಿದಳು.

ನಾಲ್ಕನೆಯ ದಿನ ತಂಗಿ ಓಡಿ ಬಂದು ಹೇಳಿದಳು. "ಅಕ್ಕ, ಯಜಮಾನರು ಬರ್ತಿದಾರೆ! ನೀನು ಆವತ್ತು ಹೇಳಿದ್ಯಲ್ಲ, ಇನ್ನು ಮೇಲೆ ಅದನ್ನೇ ಹೇಳೋದಂತೆ. ಊರೆಲ್ಲ ಅದೇ ಮಾತು!"

ಹೊಸ್ತಿಲವಳ ಜೀವ ಎದ್ದು ಕೂತಿತು. ತಲೆಗೆ ಎಣ್ಣೆ ಹಚ್ಚಿದಳು. ಕೆಂಪಂಚಿನ ಸೀರೆ ಉಟ್ಟಳು. ತಂಬಿಗೆ ತುಂಬಿಕೊಂಡಳು. ತನ್ನ ಮುರುಕು ಮಾತು ಊರಿಗೇ ಬೇಕಾಯಿತಲ್ಲ, ಅದು ತನ್ನೊಬ್ಬಳ ಬಾಯಲ್ಲಿ ಮಾತ್ರ ಇದೆಯಲ್ಲ ಎಂದು ಚಾಪೆ ಹಾಸಿ ಕಾದು ಕೂತಳು.

ಯಜಮಾನರು ಚಾಪೆಯ ಮೇಲೆ ಕೂತು ಗಟ್ಟಿಯಾಗಿ ಹೇಳಿದರು. "ತಾಯೀ, ನೀನು ಊರಿಗೆ ಮಾಡಿದ ಉಪಕಾರ ದೊಡ್ಡದು. ನಾಳಿದ್ದಿನಿಂದ ಕಲ್ಲಿನ ಮೇಲೆ ಹೇಳೋದು ನಿನ್ನ ಮಾತೇ."

ಅವಳು ಎದ್ದು ನಿಂತಳು.

"ಕೂತ್ಕೋ, ಕೂತ್ಕೋ. ನೀನು ಯಾಕೆ ಆಯಾಸ ಮಾಡ್ಕೋತೀಯ? ಬದಲಿಯವನಿಗೆ ಹೇಳಿದೀವಿ. ನಿನ್ನೆಯಿಂದ ಅಭ್ಯಾಸ ಮಾಡ್ತಿದಾನೆ. ಮಾತು ನಿಂದೇ ತಾಯಿ. ಅದನ್ನ ಹೇಳೋದಕ್ಕೆ ಮಾತ್ರ ನೆಟ್ಟಗಿನ ಬಾಯಿ ಬೇಕಲ್ಲ. ಆವತ್ತು ಅಂದದ್ದು ನದಿಗೇ ಸರಿಯಾಗಿ ಕೇಳಿಸದೆ ಎರಡು ಸಲ ಹೇಳಬೇಕಾಯ್ತು, ನೋಡು."

ಅವಳು ಕೂತಳು. ಯಜಮಾನರು ತಂಗಿಯ ಕಡೆ ತಿರುಗಿ, "ನಾಳಿದ್ದು ನಿಮ್ಮಕ್ಕನಿಗೆ ಸನ್ಮಾನ. ಹನ್ನೊಂದು ಗಂಟೆಗೆ ಕರ್ಕೊಂಡು ಬಾ" ಅಂದರು.

ಆ ಊರಲ್ಲಿ ಯಾರಿಗಾದರೂ ಶಾಲು ಹೊದಿಸಿದರು ಅಂದರೆ ಅವರ ಕೆಲಸ ಮುಗಿಯಿತೆಂದೇ ಅರ್ಥ. ಶಾಲು, ಹಾರ, ಒಂದು ತಟ್ಟೆ ಹಣ್ಣು. ಹಣ್ಣಿನಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಹುಳಿ ದಾಳಿಂಬೆ, ಬೆಂಕಿಯಲ್ಲಿ ಬೆಂದ ಬಾಯಿಗೆ ತಾಗಿಸಲೂ ಆಗದಂಥದ್ದು. ಊರಬಾಗಿಲಲ್ಲಿ ಚಪ್ಪರ ಹಾಕಿದ್ದರು. ಅವಳನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿದರು. ಅಲ್ಲಿಂದ ಹೊಸ್ತಿಲುಗಲ್ಲು ನಾಲ್ಕು ಮಾರು ದೂರದಲ್ಲಿ ಕಾಣುತ್ತಿತ್ತು.

"ಈಗ ನಮ್ಮ ತಾಯಿ ಎರಡು ಮಾತಾಡಬೇಕು" ಎಂದು ಯಾರೋ ರೂಢಿಯ ಮೇಲೆ ಅಂದುಬಿಟ್ಟರು. ತಕ್ಷಣ ನಾಲಗೆ ಕಚ್ಚಿಕೊಂಡರು. ಹೊಸ್ತಿಲವಳು ಎದ್ದಿದ್ದಳು. ಯಜಮಾನರು ಅವಳ ಭುಜ ಹಿಡಿದು ಮೆಲ್ಲಗೆ ಕೂರಿಸಿ, "ಸುಮ್ಮನಿರಮ್ಮ, ನಿನ್ನ ಮಾತು ನಾನೇ ಆಡ್ತೀನಿ" ಎಂದು ಮುಂದೆ ಬಂದರು. ಅವಳ ಪರವಾಗಿ ಊರಿಗೆ ವಂದನೆ ಹೇಳಿದರು. ತನಗೆ ಬಹಳ ಸಂತೋಷವಾಗಿದೆ ಎಂದು ಅವಳ ಪರವಾಗಿ ಹೇಳಿದರು. ಇನ್ನು ವಿಶ್ರಾಂತಿ ಬಯಸುತ್ತೇನೆ ಎಂದೂ ಅವಳ ಪರವಾಗಿಯೇ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ತಂಗಿ ಮಾತ್ರ ತಟ್ಟಲಿಲ್ಲ. ಇನ್ನೊಬ್ಬರ ಬಾಯಲ್ಲಿ ಅಕ್ಕನ ಮಾತು ಕೇಳುವುದು ಹೇಗಿರುತ್ತದೆ ಅಂತ ಅವಳಿಗೆ ಅವತ್ತೇ ಗೊತ್ತಾದದ್ದು.

ನೆರಳು ಕಾಲಡಿಗೆ ಸೇರಿತು. ನದಿ ಬಂತು.

"ಬರಲೇ?"

ಬದಲಿಯವನು ಕಲ್ಲಿನ ಮೇಲೆ ನಿಂತು ಕಂಠ ಸರಿಮಾಡಿಕೊಂಡ. "ನಾಲೆಗೆ ಬಾ!" ಎಂಥ ತುಂಬು ದನಿ, ಎಂಥ ಸ್ಪಷ್ಟ ಅಕ್ಷರ! ಅವಳ ತಪ್ಪನ್ನೂ ಅವಳಿಗಿಂತ ಚೆನ್ನಾಗಿ ಹೇಳಿದ. ನದಿ ಏನಂದೆ ಅಂತ ಕೇಳಲೇ ಇಲ್ಲ, ಸೀದಾ ಹೊರಳಿ ನಾಲೆಗೆ ಇಳಿಯಿತು.

ಬದಲಿಯವನು ಇಳಿದು ಓಡಿ ಬಂದು ಅವಳ ಕಾಲಿಗೆ ನಮಸ್ಕಾರ ಮಾಡಿದ. "ಅಕ್ಕ, ನೀವು ಹೇಳಿದ ಹಾಗೇ ಬಂತಾ?"

ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ. ಅವಳಿಗೆ ಅಳು ಬಂತು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡು ಜನ ಇನ್ನೊಮ್ಮೆ ಚಪ್ಪಾಳೆ ತಟ್ಟಿ ಊಟದ ಪಂಕ್ತಿಗೆ ನಡೆದರು. ಪಂಕ್ತಿಯಲ್ಲಿ ಅವಳು ತಿನ್ನುವಂಥದು ಏನೂ ಇರಲಿಲ್ಲ. ಅವಳು ಇಲ್ಲದಿದ್ದುದು ಯಾರಿಗೂ ತಿಳಿಯಲಿಲ್ಲ.

ಅವಳು ಶಾಲು ಹೊದ್ದುಕೊಂಡೇ ನಾಲೆಯ ಗುಂಟ ನಡೆದಳು. ಎರಡು ತಿಂಗಳು ಒಬ್ಬಳೇ ನಡೆದ ದಾರಿ. ಅವತ್ತು ಪಕ್ಕದಲ್ಲಿ ನೀರು ಇತ್ತು. ಅವಳು ನಿಂತು ತಂಬಿಗೆ ಎತ್ತಿದರೆ ನೀರೂ ತುಸು ತಡೆಯುತ್ತಿತ್ತು, ಅವಳು ಹೊರಟರೆ ಹೊರಡುತ್ತಿತ್ತು. ಊರಿನ ಸದ್ದು ಹಿಂದಾಯಿತು. ಮನೆಗಳು ಮುಗಿದವು. ಅವಳಿಗೆ ಯಾರ ಮೇಲೂ ಸಿಟ್ಟು ಉಳಿದಿರಲಿಲ್ಲ, ತಾನು ಒಬ್ಬಳೇ ಎಂಬುದಷ್ಟೇ ಉಳಿದಿತ್ತು.

ನೀರು ತುದಿಗಲ್ಲಿನ ಕೆಳಗೆ ಬಂದು ನಿಂತಿತು. ಮುಂದೆ ಬಿರುಕು ಬಿಟ್ಟ ಬಯಲು.

"ಬರಲೇ?"

ಅವಳು ಸುತ್ತ ನೋಡಿದಳು. ಯಾರನ್ನು ಕೇಳುತ್ತಿದೆ ಇದು? ಜಾಲಿಗಿಡ ಬಿಟ್ಟರೆ ಯಾರೂ ಇರಲಿಲ್ಲ.

"ಬರಲೇ?"

ಅವಳು ಜಾಲಿಯ ಕೊಂಬೆ ಸರಿಸಿ, ಇಷ್ಟು ದಿನ ಕೂತೆದ್ದ ಕಲ್ಲಿನ ಮೇಲೆ ಹತ್ತಿ ನಿಂತಳು. ಇಪ್ಪತ್ತೆರಡು ವರ್ಷದ ರೂಢಿ, ಬಾಯಿ ತಾನಾಗಿ ‘ನಾಳೆಗೆ’ ಅನ್ನಲು ಹೋಯಿತು. ಎಲ್ಲಿಂದ ಬರಬೇಕು? ಅದು ವೈದ್ಯೆ ಕೊಯ್ದ ತುಂಡಿನ ಜೊತೆಗೇ ಹೋಗಿತ್ತು. ತೋಳಿನ ಮಾಂಸ ಅದನ್ನು ಕಲಿಯಲಿಲ್ಲ, ಇನ್ನು ಕಲಿಯುವುದೂ ಇಲ್ಲ. ಬರುತ್ತದೆ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಂಡದ್ದೆಲ್ಲ ಸುಳ್ಳು. ಇದು ಅವಳಿಗೆ ಆ ಕಲ್ಲಿನ ಮೇಲೆ ನಿಂತಾಗ ಗೊತ್ತಾಯಿತು. ತಂಬಿಗೆ ಬಗ್ಗಿಸಿದಳು, ಖಾಲಿಯಾಗಿತ್ತು.

"ಬರಲೇ?"

ಮೂರನೆಯದು. ಅವಳು ಎರಡು ತುಟಿ ಸೇರಿಸಿ ಬಿಟ್ಟಳು.

"ಬಾ."

ತುಟಿಯಿಂದ ತುಟಿಗೆ ಹುಟ್ಟುವ ಅಕ್ಷರ, ಅದಕ್ಕೆ ನಾಲಗೆಯ ಹಂಗಿಲ್ಲ. ಸ್ವಚ್ಛವಾಗಿ, ಗಟ್ಟಿಯಾಗಿ, ಹುಣ್ಣಿಗಿಂತ ಮೊದಲಿನ ಅವಳದೇ ದನಿಯಲ್ಲಿ ಬಂತು. ಯಾರು ಅಂದದ್ದು ಅಂತ ಅವಳೇ ಬೆಚ್ಚಿ ತಿರುಗಿ ನೋಡಿದಳು. ಇಷ್ಟು ತಿಂಗಳು ಹೋದ ಅಕ್ಷರಕ್ಕೇ ಬಡಿದಾಡಿದವಳು ಇದು ಉಳಿದಿದೆ ಅಂತ ಗಮನಿಸಿಯೇ ಇರಲಿಲ್ಲ. ನದಿಯೂ ಒಂದು ಗಳಿಗೆ ನಂಬಲಿಲ್ಲ. ಇವತ್ತಿನವರೆಗೆ ಯಾರೂ ಅದಕ್ಕೆ ಬರೀ ಬಾ ಅಂದಿರಲಿಲ್ಲ. ಆಮೇಲೆ ಅವಳ ಪಾದ ತೋಯಿಸಿಕೊಂಡು, ಕಲ್ಲು ದಾಟಿ, ಬಯಲಿಗೆ ಇಳಿಯಿತು. ಬಿರುಕುಗಳು ಒಂದೊಂದಾಗಿ ಕುಡಿಯುತ್ತಾ ಹೋದವು. ಅವಳೂ ಬಗ್ಗಿ ಬೊಗಸೆಯಲ್ಲಿ ಕುಡಿದಳು.

ಎಷ್ಟು ಹೊತ್ತಾಗಿತ್ತೋ. ತಲೆಯೆತ್ತಿದರೆ ಆಚೆ ದಡದಲ್ಲಿ ತಂಗಿ ನಿಂತಿದ್ದಳು, ಕೈಯಲ್ಲಿ ಗಂಜಿಯ ಪಾತ್ರೆ, ಕಣ್ಣೆಲ್ಲ ಕೆಂಪು. ನಡುವೆ ಮೊಣಕಾಲುದ್ದ ನೀರು ಹರಿಯುತ್ತಿತ್ತು. ಅವಳಿಗೆ ಏನು ಕೇಳಿಸಿತ್ತೋ, ಎಷ್ಟು ಕೇಳಿಸಿತ್ತೋ. ಎಂದಿನಂತೆ ತಾನೇ ಊಹಿಸಿ ಹೇಳಲು ಬಾಯಿ ತೆರೆದಳು. ಹೇಳಲಿಲ್ಲ. ಬಾಯಿ ಮುಚ್ಚಿ, ಆಮೇಲೆ ಕೇಳಿದಳು.

"ಏನಂದೆ ಅಕ್ಕ?"

ಹೊಸ್ತಿಲವಳು ಕಲ್ಲಿನ ಮೇಲಿಂದ ಅವಳನ್ನು ನೋಡಿದಳು. ಈ ಸಲವೂ ಮಾತು ಕೆಡಲಿಲ್ಲ.

"ಬಾ."

ತಂಗಿ ಗಂಜಿಯ ಪಾತ್ರೆಯನ್ನು ತಲೆಯ ಮೇಲಿಟ್ಟುಕೊಂಡು ನೀರಿಗೆ ಇಳಿದಳು.